ಬೇಡವೆಂದ ಪದಕ (ಏಳನೆಯ ಕಂತು: ಡಬ್ಬಿಯಲ್ಲಿ ಬೆಂದ ಮಣ್ಣು)

ಮೂರನೆಯ ಡಬ್ಬಿಯ ಮುಚ್ಚಳ ಕೈಗೆ ಬಗ್ಗಲಿಲ್ಲ. ನೇತ್ರಾವತಿ ಅದನ್ನು ಜಗಲಿಕಲ್ಲಿನ ಮೇಲಿಟ್ಟು, ಕಾರಿನಿಂದ ತಂದ ಸ್ಪ್ಯಾನರ್ ತುದಿಯಿಂದ ಅಂಚನ್ನು ಮೀಟಿದಳು. ಮುಚ್ಚಳ ಟಪ್ಪೆಂದು ಹಾರಿ ಬೂದಿಯಲ್ಲಿ ಬಿತ್ತು.

ಒಳಗೆ ಕರಗಿದ ಫಿಲಂ ಇರಲಿಲ್ಲ. ಮೊದಲೆರಡು ಡಬ್ಬಿಗಳಲ್ಲಿ ಇದ್ದದ್ದೇ ಇಲ್ಲೂ ಇತ್ತು. ದುಂಡನೆಯ, ಗಟ್ಟಿಯಾದ, ಇಟ್ಟಿಗೆ ಬಣ್ಣದ ಒಂದು ಬಿಲ್ಲೆ. ಉಗುರಿನಲ್ಲಿ ಕೆರೆದರೆ ಕೆಂಪು ಪುಡಿ ಉದುರಿತು.

ಮಣ್ಣು. ಬೆಂಕಿಯಲ್ಲಿ ಬೆಂದು ಇಟ್ಟಿಗೆಯಾದ ಮಣ್ಣು.

ಯಸಳೂರಿನ ಆಚೆಗಿರುವ ಈ ಎಸ್ಟೇಟಿನ ಹಳೆಯ ಸ್ಟೋರ್ ರೂಮಿಗೆ ಬೆಂಕಿ ಬಿದ್ದು ವಾರವಾಗಿತ್ತು. ಹಳೆಯ ಸಿನಿಮಾಗಳನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದ ಆಲೂರಿನ ಕುಮಾರ್ ಮೂರು ಡಬ್ಬಿ ಫಿಲಂ ಹೊತ್ತು ಇಲ್ಲಿಗೆ ಬಂದಿದ್ದವನು ಒಳಗೆ ಸುಟ್ಟು ಸತ್ತಿದ್ದ. ಕಾವಲಿನ ರುದ್ರಯ್ಯನ ಬೀಡಿಯೇ ಕಾರಣವೆಂದು ಪೊಲೀಸರು ಬರೆದು, ಅವನನ್ನು ಜೈಲಿಗೆ ಹಾಕಿ ಕೈತೊಳೆದುಕೊಂಡಿದ್ದರು. ಅದನ್ನು ನಂಬದೆ, ಕುಮಾರನ ಹೆಂಡತಿ ಶೀಲಾ ಮಗ್ಗೆಯಲ್ಲಿದ್ದ ನಿವೃತ್ತ ಸರ್ಕಲ್ ಇನ್ಸ್‌ಪೆಕ್ಟರ್ ನೇತ್ರಾವತಿಯನ್ನು ಕರೆಸಿದ್ದಳು.

ನೇತ್ರಾವತಿ ಬಿಲ್ಲೆಯನ್ನು ಬಿಸಿಲಿಗೆ ಹಿಡಿದಳು. ಅದರ ಮೈಮೇಲೆ ಬಟ್ಟೆಯ ನೇಯ್ಗೆ ಅಚ್ಚೊತ್ತಿತ್ತು. ದಪ್ಪ ನೂಲು, ಚೌಕಳಿ. ಯಾರೋ ಹಸಿ ಮಣ್ಣನ್ನು ಟವೆಲಿನಲ್ಲಿ ಸುತ್ತಿ, ತಟ್ಟಿ, ತೂಕ ನೋಡಿ ಡಬ್ಬಿಗೆ ತುಂಬಿದ್ದರು.

ಹಳೆಯ ಫಿಲಂ ಕಾಪಾಡುವ ಕೆಲಸದಲ್ಲಿರುವವರೊಬ್ಬರು ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು. "ಟಾಕಿ ಕಾಲದ ಫಿಲಂ ಕರ್ಪೂರ ಬೆರೆಸಿ ಮಾಡಿದ್ದು ಮೇಡಂ. ಮೂಸಿದ್ರೇ ಗೊತ್ತಾಗುತ್ತೆ. ಬೆಂಕಿ ತಗುಲಿದ್ರೆ ನೀರಲ್ಲಿ ಮುಳುಗಿಸಿದ್ರೂ ಆರಲ್ಲ. ಮುಚ್ಚಿದ ಡಬ್ಬಿಯಲ್ಲಿದ್ರೆ ಡಬ್ಬಿ ಸಿಡಿದೇ ಹೋಗುತ್ತೆ."

ಇಲ್ಲಿ ಒಂದು ಡಬ್ಬಿಯೂ ಸಿಡಿದಿರಲಿಲ್ಲ. ಅಂದರೆ ಫಿಲಂ ಈ ಸ್ಟೋರಿಗೆ ಬರಲೇ ಇಲ್ಲ.

"ಇನ್ನೂ ಏನು ಕೆದಕ್ತಿದೀರಿ ಮೇಡಂ?"

ನೇತ್ರಾವತಿ ಬಿಲ್ಲೆಯನ್ನು ಚೀಲಕ್ಕೆ ಜಾರಿಸಿ ತಿರುಗಿದಳು. ಎಸ್ಟೇಟಿನ ಯಜಮಾನ ನಟರಾಜ್ ಬಾಗಿಲ ಚೌಕಟ್ಟಿನಾಚೆ ನಿಂತಿದ್ದ. ಐವತ್ತು ದಾಟಿದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೂದಿ ತಾಕಬಾರದೆಂದು ಹಿಂದಕ್ಕಿಟ್ಟ ಕಾಲು. ಅವನ ಬೆನ್ನ ಹಿಂದೆ, ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಏಳುತ್ತಿತ್ತು. ಮೈಕಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು.

"ನಾಡಿದ್ದು ನಮ್ಮಜ್ಜಿ ನೆನಪಿನ ಫಂಕ್ಷನ್. ಮಂತ್ರಿಗಳು ಬರ್ತಾರೆ, ಸಿನಿಮಾದೋರು ಬರ್ತಾರೆ. ಇದನ್ನೆಲ್ಲ ಇವತ್ತು ಶೀಟ್ ಹೊಡೆಸಿ ಮುಚ್ಚಿಸ್ತಿದೀನಿ."

"ಮುಚ್ಚಿಸಿ. ನನ್ನ ಕೆಲಸ ಮುಗೀತು," ಎಂದಳು ನೇತ್ರಾವತಿ. "ಒಂದು ಮಾತು. ನಿಮ್ಮಜ್ಜಿಯ ಪದಕ ಯಾವುದಕ್ಕೆ ಬಂದಿದ್ದು?"

ನಟರಾಜನ ಮುಖ ಅರಳಿತು. ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಅವನಿಗೆ ಸಾಕಾಗುತ್ತಿರಲಿಲ್ಲ.

"ಮಿಸ್ ಪದ್ಮಲೋಚನಿ ಅಂದ್ರೆ ಆಗ ಮನೆಮಾತು. ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿತ್ತು. ನಮ್ಮ ತಾತ ರಂಗಸ್ವಾಮಿಯವರದ್ದೇ ಪ್ರೊಡಕ್ಷನ್, ಇಲ್ಲೇ ಹೇಮಾವತಿ ದಡದಲ್ಲಿ ಶೂಟಿಂಗು. ಹೊಳೆಯಲ್ಲಿ ಮುಳುಗೋ ಸೀನಲ್ಲಿ ನಮ್ಮಜ್ಜಿ ಕೂಗಿದ ಕೂಗಿಗೆ ಟೆಂಟ್ ಸಿನಿಮಾದಲ್ಲಿ ಹೆಂಗಸರು ಎಚ್ಚರ ತಪ್ಪಿ ಬೀಳ್ತಿದ್ರಂತೆ. ಚಿತ್ರರಸಿಕರ ಸಂಘದವರು ಅದಕ್ಕೇ ಕರೆದು ಚಿನ್ನದ ಪದಕ ಹಾಕಿದ್ರು."

"ಆಮೇಲೆ ಅವರು ನಟಿಸಲಿಲ್ಲ."

"ತಾತನ್ನ ಮದುವೆಯಾದ್ರಲ್ಲ. ಸಂಸಾರ ದೊಡ್ಡದು ಅನ್ನಿಸ್ತು."

ಸಂಸಾರ. ಕೂಲಿಯಾಳುಗಳ ಲೈನಿನ ಮುದುಕಿಯರು ಹಿಂದಿನ ದಿನ ಬೇರೆಯೇ ಹೇಳಿದ್ದರು. ಆ ಹೆಂಗಸು ಬಂಗಲೆಯ ಹಿಂದಿನ ಕೋಣೆ ಬಿಟ್ಟು ಹೊರಗೆ ಬಂದದ್ದನ್ನು ಯಾರೂ ನೋಡಿರಲಿಲ್ಲವಂತೆ. ಕುಣಿಯುವವಳೆಂದು ಮನೆಯವರು ಅವಳ ಹೆಸರೆತ್ತುತ್ತಿರಲಿಲ್ಲವಂತೆ. ಫೋಟೋ ಕೂಡ ಮೆಣಸಿನ ಚೀಲಗಳ ಹಿಂದೆ ಬಿದ್ದಿತ್ತು. ಹೋಮ್‌ಸ್ಟೇಗೆ ಜನ ಬರಲು ಶುರುವಾದ ಮೇಲೆ ಅದು ಧೂಳು ಕೊಡವಿಕೊಂಡು ಪಡಸಾಲೆಯ ಗೋಡೆಗೆ ಏರಿತು. ಕೆಳಗೆ ಗಾಜಿನ ಪೆಟ್ಟಿಗೆ, ಪದಕ, ಸಣ್ಣ ದೀಪ.

"ಕುಮಾರ್‌ಗೂ ಮರಣೋತ್ತರ ಪ್ರಶಸ್ತಿ ಕೊಡ್ತಿದೀವಿ," ಎಂದ ನಟರಾಜ್. "ಶಾಲು, ಫಲಕ, ಎಲ್ಲ. ಬದುಕಿದ್ದಾಗ್ಲೇ ಕೊಡೋ ಮಾತಾಗಿತ್ತು."

"ಯಾವಾಗ ಆಗಿತ್ತು?"

"ಫಿಲಂ ತಂದ್ಕೊಡ್ತೀನಿ ಅಂದಾಗ..." ನಟರಾಜ್ ನಿಲ್ಲಿಸಿದ. "ಅಂದ್ರೆ, ತೋರಿಸ್ತೀನಿ ಅಂದಾಗ."

ನೇತ್ರಾವತಿ ಚೀಲವನ್ನು ಹೆಗಲಿಗೇರಿಸಿದಳು. ಪ್ರಶಸ್ತಿಗಳು ಯಾರ ಎದೆಗೆ ಹೇಗೆ ಏರುತ್ತವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ತಿಂಗಳುಗಟ್ಟಲೆ ಅಲೆದು ಪತ್ತೆ ಮಾಡಿದ ಕೊಲೆಗೆ ಪದಕ ತೊಟ್ಟವರು ಅವಳ ಮೇಲಧಿಕಾರಿ. ಆ ಸಮಾರಂಭದಲ್ಲಿ ಅವಳಿಗೆ ಸಿಕ್ಕಿದ್ದು ಬಂದೋಬಸ್ತಿನ ಡ್ಯೂಟಿ.

"ಬೆಂಕಿ ಆರಿಸೋಕೆ ಬಂದಾಗ ಬಾಗಿಲಿಗೆ ಹೊರಗಿಂದ ಚಿಲಕ ಇತ್ತಲ್ಲ, ಅದನ್ನ ಯಾರು ಹಾಕಿದ್ದು ಅಂತ ನಿಮಗನ್ಸುತ್ತೆ?"

"ಇನ್ಯಾರು, ಆ ರುದ್ರಯ್ಯ. ಕುಡುಕ ನನ್ಮಗ. ಒಳಗೆ ಜನ ಇದಾರೋ ಇಲ್ವೋ ನೋಡ್ದೆ ಹಾಕ್ಬುಟ್ಟವ್ನೆ." ಸಿಟ್ಟು ಬಂದಾಗ ನಟರಾಜನ ಇಂಗ್ಲಿಷ್ ಉದುರಿ ಊರಿನ ಮಾತು ಬರುತ್ತಿತ್ತು. "ಅವನಿಗೆ ಹೋಗಿ ನೀವು ಜಾಮೀನು ಕೊಡಿಸ್ತೀರಲ್ಲ, ಏನ್ ಹೇಳೋದು ನಿಮಗೆ!"

ನೇತ್ರಾವತಿ ಕಾರು ಹತ್ತಿದಳು. ಇದು ಕೊಲೆಯೆಂಬ ಅವಳ ಇಡೀ ವಾದ ಆ ಚಿಲಕಕ್ಕೆ ನೇತುಬಿದ್ದಿತ್ತು. ಕಿಟಕಿಗಳಿಗೆ ಹೆಬ್ಬೆರಳು ದಪ್ಪದ ಕಂಬಿಗಳು, ಇದ್ದದ್ದು ಒಂದೇ ಬಾಗಿಲು. ಚಿಲಕ ಹಾಕಿದ ಕೈಯೇ ಕೊಂದ ಕೈ. ಹಾಸನದ ಜೈಲಿನಲ್ಲಿ ರುದ್ರಯ್ಯ ಅವಳ ಕಾಲು ಹಿಡಿದು, "ನಾನು ಹಾಕ್ನಿಲ್ಲ ಕಣವ್ವ, ಅವತ್ತು ನಾನು ಅವ್ರನ್ನ ಮಾತೇ ಆಡ್ಸಿಲ್ಲ," ಎಂದಿದ್ದ. ಅವಳು ನಂಬಿದ್ದಳು. ನಂಬಿ, ಮಗ್ಗೆಯ ಪರಿಚಯದವರೊಬ್ಬರನ್ನು ಜಾಮೀನಿಗೆ ನಿಲ್ಲಿಸಿದ್ದಳು. ಈ ಹೊತ್ತಿಗೆ ಅವನು ಬಿಡುಗಡೆಯಾಗಿರಬೇಕು.

* * *

ಆಲೂರಿನ ಮನೆಯ ಜಗಲಿಯಲ್ಲಿ ಕುಮಾರನ ತಾಯಿ ಮಾದೇವಮ್ಮ ಕಂಬಕ್ಕೊರಗಿ ಕೂತಿದ್ದಳು. ನೇತ್ರಾವತಿಯನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬಾರವ್ವ. ಏನಾರ ಗೊತ್ತಾಯ್ತಾ?"

"ಇನ್ನೂ ಇಲ್ಲಮ್ಮ."

"ಮೊಖ ನೋಡಕ್ಕೂ ಬುಡ್ಲಿಲ್ಲ ಕಣವ್ವ. ಗಂಟು ಕಟ್ಟಿ ಕೊಟ್ರು. ಉಂಗ್ರ ತೋರ್ಸಿ, ಇದು ನಿಮ್ಮುಡುಗಂದೇ ಅಲ್ವ ಅಂದ್ರು. ಹೂಂ ಅಂದೊ. ಇನ್ನೇನನ್ನಾದು?" ಮುದುಕಿ ಒಳಗಿನ ಮುಚ್ಚಿದ ಬಾಗಿಲಿನತ್ತ ಕೈ ಮಾಡಿದಳು. "ದೇವ್ರ ಮನೆ ಬಾಗ್ಲು ಹಾಕಿದ್ದು ಹಾಕ್ದಂಗೇ ಐತೆ. ಸೂತ್ಕ ಕಳಿಯಗಂಟ ಒಂದು ದೀಪ ಹಚ್ಚಂಗಿಲ್ಲ, ಒಂದು ಕಡ್ಡಿ ಗೀರಂಗಿಲ್ಲ. ಕತ್ಲಲ್ಲಿ ಕುಂತವ್ನೆ ದೇವ್ರೂ."

ನೇತ್ರಾವತಿ ಒಳಗೆ ಕಾಲಿಟ್ಟಳು. ನಡುಮನೆಯಲ್ಲಿ ಶೀಲಾ ಬಟ್ಟೆ ಮಡಿಸುತ್ತಿದ್ದಳು. ಮೂವತ್ತೈದರ ಹೆಂಗಸು, ಪ್ರೈಮರಿ ಶಾಲೆಯ ಮೇಷ್ಟ್ರಮ್ಮ. ವಾರದಲ್ಲಿ ಕೆನ್ನೆ ಗುಳಿಬಿದ್ದು ಹತ್ತು ವರ್ಷ ಹೆಚ್ಚಾದಂತಿತ್ತು.

ಮನೆಯಲ್ಲಿ ಕರ್ಪೂರದ ವಾಸನೆಯಿತ್ತು.

ಮೊನ್ನೆ ಬಂದಾಗಲೂ ಇತ್ತು. ಆಗ ಅವಳಿಗೆ ಅದು ವಿಶೇಷವೆನಿಸಿರಲಿಲ್ಲ. ನೇತ್ರಾವತಿಯ ಕಡೆಯವರು ಲಿಂಗಪೂಜೆಯವರು. ಅವರಲ್ಲಿ ಸೂತಕವಿಲ್ಲ, ಸಾವಿನ ಮನೆಯಲ್ಲೂ ಪೂಜೆ ನಿಲ್ಲುವುದಿಲ್ಲ. ಆದರೆ ಈ ಮನೆಯಲ್ಲಿ ವಾರದಿಂದ ಒಂದು ಕಡ್ಡಿ ಗೀರಿಲ್ಲವೆಂದು ಮುದುಕಿ ಈಗಷ್ಟೇ ಹೇಳಿದ್ದಳು.

ನೇತ್ರಾವತಿ ಮುಚ್ಚಿದ ಬಾಗಿಲಿನ ಹತ್ತಿರ ಹೋದಳು. ಅಲ್ಲಿ ವಾಸನೆ ಇನ್ನೂ ಗಾಢವಾಗಿತ್ತು.

"ಅದನ್ನ ತೆಗೀಬೇಡಿ ಮೇಡಂ," ಎಂದಳು ಶೀಲಾ. ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತ್ತು. ದಪ್ಪ ನೂಲಿನ ಚೌಕಳಿ ಟವೆಲ್.

ನೇತ್ರಾವತಿ ಚೀಲದಿಂದ ಬಿಲ್ಲೆ ತೆಗೆದು, ಶೀಲಾಳ ಮುಂದಿನ ಮಣೆಯ ಮೇಲಿಟ್ಟಳು. ಶೀಲಾ ಅದನ್ನು ನೋಡಿದಳು. ಆಮೇಲೆ ಮೆಲ್ಲಗೆ ಬೆರಳು ಚಾಚಿ ಅದರ ಮೇಲಿನ ನೇಯ್ಗೆಯ ಗುರುತು ಸವರಿದಳು.

"ಇದು... ಅಲ್ಲಿತ್ತಾ?"

"ಮೂರು ಡಬ್ಬಿಯಲ್ಲೂ."

"ನಮ್ಮ ಹಿತ್ತಲ ಮಣ್ಣು," ಎಂದಳು ಶೀಲಾ. "ನಾನೇ ತುಂಬಿದ್ದು."

"ಕುಮಾರ್‌ಗೆ ಗೊತ್ತಿತ್ತಾ?"

"ಇಲ್ಲ."

ಜಗಲಿಯಲ್ಲಿ ಮಾದೇವಮ್ಮ ಎಲೆಅಡಿಕೆ ಕುಟ್ಟುವ ಸದ್ದು ಕೇಳುತ್ತಿತ್ತು. ನೇತ್ರಾವತಿ ನೆಲದ ಮೇಲೆ ಶೀಲಾಳ ಎದುರು ಕೂತಳು.

"ಹೇಳಿ."

"ಏನ್ ಹೇಳ್ಲಿ? ಹದಿನೈದು ವರ್ಷ ಗುಜರಿ ಅಂಗಡಿ, ಮುರಿದ ಟೆಂಟು, ಹಾಳು ಗೋಡೌನು ಅಂತ ಅಲೆದ್ರು. ಎಲ್ಲರೂ ನಕ್ರು. ಒಂದು ಚೂರು ಗೌರವ ಸಿಕ್ಲಿಲ್ಲ. ಕೊನೆಗೆ ಈ ಫಿಲಂ ಸಿಕ್ತು, ಪದಕ ಕೊಟ್ಟ ಸಮಾರಂಭದ್ದು. ಮಾತೂ ಇದೆ, ಚಿತ್ರಾನೂ ಇದೆ. ಇದೇ ಗೋಡೆ ಮೇಲೆ ಒಂದೇ ಒಂದು ಸಲ ಓಡಿಸಿದ್ರು. ನಾವಿಬ್ಬರೇ ನೋಡಿದ್ದು."

"ಏನಿದೆ ಅದರಲ್ಲಿ?"

ಶೀಲಾ ಗೋಡೆಯತ್ತ ನೋಡುತ್ತಲೇ ಹೇಳಿದಳು.

"ಪದ್ಮಲೋಚನಿ ಸ್ಟೇಜಿಗೆ ಬರ್ತಾಳೆ. ದೊಡ್ಡ ಪೇಟದೋರು ಪದಕ ಹಾಕಕ್ಕೆ ಹೋಗ್ತಾರೆ. ಅವಳು ಕೈ ಅಡ್ಡ ಹಿಡೀತಾಳೆ. ಮೈಕಿನ ಮುಂದೆ ನಿಂತು ಹೇಳ್ತಾಳೆ. 'ಹೊಳೆಗೆ ಇಳಿದವಳು ನಾನಲ್ಲ. ನನ್ನ ಸೀರೆ ಉಡಿಸಿ, ತೋಟದ ಲೈನಿನ ಚೆನ್ನಿಯನ್ನು ಇಳಿಸಿದರು. ಈಜು ಬಾರದು ಅಂತ ಅವಳು ಕೈಮುಗಿದಳು. ಕ್ಯಾಮೆರಾ ನಿಲ್ಲಿಸಬೇಡಿ ಅಂತ ರಂಗಸ್ವಾಮಿಯವರು ಅಂದರು. ನೀವು ಕೇಳಿ ಚಪ್ಪಾಳೆ ತಟ್ಟಿದ ಕೂಗು ಅವಳದು. ಅವಳು ಸಾಯುವಾಗ ಕೂಗಿದ್ದು. ಈ ಪದಕ ನನಗೆ ಬೇಡ.' ಅಲ್ಲಿಗೆ ಯಾರೋ ಮೈಕ್ ಕಿತ್ಕೋತಾರೆ. ಕತ್ತಲೆ."

ನೇತ್ರಾವತಿಗೆ ಟೆಂಟಿನಲ್ಲಿ ಎಚ್ಚರ ತಪ್ಪಿ ಬಿದ್ದ ಹೆಂಗಸರು ನೆನಪಾದರು. ನಟನೆಯಲ್ಲವೆಂದು ಅವರ ಮೈಗಾದರೂ ತಿಳಿದಿತ್ತೇನೋ. ಬೇಡವೆಂದವಳನ್ನು ಅದೇ ರಂಗಸ್ವಾಮಿ ಮದುವೆಯಾಗಿ ತಂದು ಹಿಂದಿನ ಕೋಣೆಯಲ್ಲಿಟ್ಟಿದ್ದ. ಬೇಡವೆಂದ ಪದಕ ಗಾಜಿನ ಪೆಟ್ಟಿಗೆಯಲ್ಲಿತ್ತು.

"ನಟರಾಜ್‌ಗೆ ಕುಮಾರ್ ಇದನ್ನ ಹೇಳಿದ್ರು."

"ಹೇಳಿದ್ರು. ಹೆದರಿಸ್ತಾರೆ ಅಂದ್ಕೊಂಡಿದ್ದೆ. ಅವನು ಹೆದರಿಸ್ಲಿಲ್ಲ ಮೇಡಂ. ಪ್ರಶಸ್ತಿ ಕೊಡ್ತೀನಿ ಅಂದ. ಶಾಲು ಹೊದಿಸ್ತೀನಿ, ಮಂತ್ರಿ ಕೈಲಿ ಫಲಕ ಕೊಡಿಸ್ತೀನಿ, ಫಿಲಂ ಮಾತ್ರ ನನ್ನ ಕೈಗೆ ಕೊಡು ಅಂದ." ಶೀಲಾಳ ದನಿ ಕಹಿಯಾಯಿತು. "ಒಪ್ಪಿಬಿಟ್ರು. ಅವತ್ತು ರಾತ್ರಿ ಹೊಸ ಅಂಗಿ ಹೊಲಿಸ್ಬೇಕು ಅಂದ್ರು. ಚೆನ್ನಿ ಕಥೆ ಕೇಳಿ ಅತ್ತೋರು, ಅಂಗಿ ಬಣ್ಣದ ಬಗ್ಗೆ ಮಾತಾಡಿದ್ರು."

"ಅದಕ್ಕೆ ನೀವು ಫಿಲಂ ತೆಗೆದಿಟ್ಟು ಮಣ್ಣು ತುಂಬಿದ್ರಿ."

"ಎದುರಿಗೆ ಜಗಳ ಆಡೋ ಧೈರ್ಯ ಇರ್ಲಿಲ್ಲ. ಡಬ್ಬಿ ಎತ್ಕೊಂಡು ಬಸ್ ಹತ್ತಿದ್ರು. ಕೈ ಬೀಸಿದ್ರು. ಸಾಯಂಕಾಲ ಬೆಂಕಿ ಸುದ್ದಿ ಬಂತು." ಅವಳು ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಸತ್ತ ದಿನ ದೇವರ ಮನೆ ಮುಚ್ಚಿದ್ರಲ್ಲ, ಅಲ್ಲಿಗೆ ಯಾರೂ ಬರಲ್ಲ ಅಂತ ಫಿಲಂ ಅಲ್ಲಿಟ್ಟೆ. ನಟರಾಜ್ ಡಬ್ಬಿ ತೆಗೆದು ನೋಡಿರ್ತಾನೆ. ಮೋಸ ಮಾಡ್ದ ಅಂತ ಇವರನ್ನ ಒಳಗೆ ಕೂಡಿ ಬೆಂಕಿ ಇಟ್ಟಿರ್ತಾನೆ. ಅಲ್ವಾ? ನಾನು ಮಣ್ಣು ತುಂಬದೇ ಇದ್ದಿದ್ರೆ ಶಾಲು ಹೊದ್ಕೊಂಡು ಮನೆಗೆ ಬರ್ತಿದ್ರು."

"ಹಂಗಾದ್ರೆ ನನ್ನನ್ನ ಯಾಕೆ ಕರೆಸಿದ್ರಿ?"

"ನಾನು ಕೊಂದಿಲ್ಲ ಅಂತ ಯಾರಾದ್ರೂ ಹೇಳ್ಲಿ ಅಂತ."

ನೇತ್ರಾವತಿ ಕೇಳಿದಳು, "ಮಣ್ಣಿನ ವಿಷಯ ಯಾರಿಗಾದ್ರೂ ಹೇಳಿದ್ರಾ?"

"ಅವತ್ತು ಮಧ್ಯಾಹ್ನ ತಡೀಲಾರದೆ ಇವರಿಗೇ ಫೋನ್ ಮಾಡ್ದೆ. ಇವರು ಎತ್ಲಿಲ್ಲ. ಸ್ಟೋರ್ ಹತ್ರ ಸಿಗ್ನಲ್ ಇಲ್ಲ ಅಂತ ಫೋನ್ ಕಾವಲು ಮನೇಲಿ ಬಿಟ್ಟಿದ್ರಂತೆ. ಅಲ್ಲಿದ್ದೋನು ಎತ್ತಿದ. 'ಡಬ್ಬಿಯಲ್ಲಿ ಬರೀ ಮಣ್ಣಿದೆ, ಯಾರಿಗೂ ಕೊಡದೆ ವಾಪಸ್ ಬರಕ್ಕೆ ಹೇಳಿ' ಅಂದೆ. 'ಹೇಳ್ತೀನಿ ಬುಡಿ' ಅಂದ."

"ಯಾರು ಎತ್ತಿದ್ದು?"

"ರುದ್ರಯ್ಯ."

ನೇತ್ರಾವತಿಯ ಬೆನ್ನು ನೆಟ್ಟಗಾಯಿತು. ಅವತ್ತು ಕುಮಾರನನ್ನು ಮಾತೇ ಆಡಿಸಿಲ್ಲವೆಂದು ಕಾಲು ಹಿಡಿದಿದ್ದ ರುದ್ರಯ್ಯ. ಅವಳೇ ಓಡಾಡಿ ಬಿಡಿಸಿದ ರುದ್ರಯ್ಯ. ಡಬ್ಬಿಯಲ್ಲಿರುವುದು ಮಣ್ಣೆಂದು ಆ ಎಸ್ಟೇಟಿನಲ್ಲಿ ಎಲ್ಲರಿಗಿಂತ ಮೊದಲು ತಿಳಿದಿದ್ದವನು ಅವನೇ.

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮಣ್ಣಿನ ಕಥೇನೂ ಹೇಳ್ಬೇಕಿತ್ತಲ್ಲ."

ಜಗಲಿಯಲ್ಲಿ ಕುಟ್ಟುವ ಸದ್ದು ನಿಂತಿತು. ಮಾದೇವಮ್ಮನ ದನಿ ಬಂತು. "ಶೀಲಾ, ಯಾರೋ ಬಂದವ್ರೆ ನೋಡವ್ವ. ಯಸ್ಳೂರು ಎಸ್ಟೇಟ್ನೋರಂತೆ."

ಗೇಟಿನಲ್ಲಿ ರುದ್ರಯ್ಯ ನಿಂತಿದ್ದ. ಕಂಕುಳಲ್ಲಿ ಜೈಲಿನಿಂದ ತಂದ ಬಟ್ಟೆಯ ಗಂಟು, ಮುಖದ ತುಂಬ ಬಿಳಿ ಗಡ್ಡ. ನೇತ್ರಾವತಿಯನ್ನು ಅಲ್ಲಿ ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಒಳಗೆ ಬಾ," ಎಂದಳು ನೇತ್ರಾವತಿ. "ಸುಳ್ಳು ಹೇಳಿ ನನ್ನ ಕಾಲು ಹಿಡಿದ್ಯಲ್ಲ, ಈಗ ಕೂತು ನಿಜ ಹೇಳು."

ಅವನು ಒಳಗೆ ಬರಲಿಲ್ಲ. ಜಗಲಿಯ ಕೆಳಗೇ ಕುಕ್ಕರಗಾಲಲ್ಲಿ ಕೂತ. ನೇತ್ರಾವತಿಯನ್ನು ಬಿಟ್ಟು ಶೀಲಾಳನ್ನು ನೋಡಿದ.

"ನಿಮಗೆ ಹೇಳ್ಬೇಕು ಅಂತ್ಲೇ ಇಲ್ಲಿ ಬಸ್ ಇಳುದೆ ಕಣವ್ವ. ನಿಮ್ ಫೋನ್ ಬಂದುದ್ದ ನಿಮ್ ಯಜಮಾನ್ರಿಗೆ ಹೇಳ್ದೆ. ಡಬ್ಬೀಲಿ ಮಣ್ಣಂತೆ ಸಾಮಿ ಅಂದೆ. ಮೊದ್ಲು ಬಾಯ್ ಬುಟ್ಕಂಡು ನೋಡುದ್ರು. ಆಮೇಲೆ ನಕ್ರು. ಕಣ್ಣಲ್ಲಿ ನೀರ್ ಬರಗಂಟ ನಕ್ಬುಟ್ರು. 'ಬದುಕಿಸ್ಬುಟ್ಲು ಕಣೋ ರುದ್ರಯ್ಯ ನನ್ನ' ಅಂದ್ರು."

ಶೀಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ವಾರದಿಂದ ತಡೆದಿದ್ದ ಅಳು ಒಮ್ಮೆಲೇ ಕಿತ್ತುಕೊಂಡು ಬಂತು.

"ಆಮೇಲೆ?" ಎಂದಳು ನೇತ್ರಾವತಿ. ಅವಳಿಗೆ ಕರುಣೆ ತೋರಿಸಲು ಪುರುಸೊತ್ತಿರಲಿಲ್ಲ.

"ಆಮೇಲೆ ಸ್ಟೋರ್ ಒಳೀಕೆ ಹೋದ್ರು. 'ಹೊರಗಿಂದ ಚಿಲ್ಕ ಹಾಕು. ಒಳಗೆ ಯಾರೂ ಇಲ್ಲ ಅಂದ್ಕಂಡು ಡಬ್ಬಿಗೆ ಯಾರು ಕೈ ಹಾಕ್ತಾರೆ ನೋಡ್ಬೇಕು' ಅಂದ್ರು. ಹಾಕ್ದೆ."

"ನೀನೇ ಹಾಕಿದ್ದು."

"ಊಂ. ಅವ್ರೇ ಹೇಳಿದ್ದು ಅಂದ್ರೆ ಯಾರವ್ವ ನಂಬ್ತಿದ್ರು? ಸತ್ತೋರು ಬಂದು ಸಾಕ್ಷಿ ಹೇಳ್ತಾರಾ? ಅದ್ಕೇ ಇಲ್ಲ ಅಂದ್ಬುಟ್ಟೆ."

ನೇತ್ರಾವತಿ ಕಂಬಕ್ಕೆ ಕೈ ಊರಿದಳು. ಇಷ್ಟು ದಿನ ಕಟ್ಟಿದ ವಾದ ಕಣ್ಣೆದುರಿಗೇ ಕುಸಿಯುತ್ತಿತ್ತು. ಚಿಲಕ ಹಾಕಿದ ಕೈ ಈ ಮುದುಕನದು. ಹಾಕಿಸಿದ ಬಾಯಿ ಸತ್ತವನದೇ. ನಿಜ ಹೇಳಿದರೆ ರುದ್ರಯ್ಯ ಮತ್ತೆ ಒಳಗೆ ಹೋಗುತ್ತಾನೆ. ಹೇಳದಿದ್ದರೆ ನಾಡಿದ್ದು ನಟರಾಜ್ ಶಾಲು ಹೊದಿಸುತ್ತಾನೆ.

"ಬೆಂಕಿ ಯಾರು ಇಟ್ಟಿದ್ದು? ನೋಡಿದ್ಯಾ?"

"ಇಲ್ಲ ಕಣವ್ವ. ಟೀ ಕುಡ್ಯಕ್ಕೆ ಲೈನ್ ಕಡೀಕೋಗಿದ್ದೆ. ವಾಪಸ್ ಬರ ಹೊತ್ಗೆ ಹೊಗೆ. ಓಡ್ಬಂದು ಚಿಲ್ಕ ತೆಗುದೆ."

"ತೆಗೆದ್ಯಾ?" ನೇತ್ರಾವತಿಯ ದನಿ ಏರಿತು. "ಚಿಲಕ ತೆಗೆದಿದ್ಯಾ? ಮತ್ತೆ ಅವರು ಸುಟ್ಟು ಸತ್ತಿದ್ದು ಹೆಂಗೆ?"

ರುದ್ರಯ್ಯ ಗಂಟನ್ನು ಎದೆಗೆ ಒತ್ತಿಕೊಂಡ.

"ಬೆಂಕಿ ಇನ್ನೂ ಮೂಲೆ ಗೋಣಿಚೀಲದಲ್ಲಿತ್ತು. ಒಳೀಕೆ ನುಗ್ಗುದೆ. ಸಾಮೀ ಸಾಮೀ ಅಂತ ಕೂಗುದೆ. ಮೂಲೆ ಮೂಲೆ ನೋಡ್ದೆ ಕಣವ್ವ, ಇ‌ದ್ದದ್ದೇ ಒಂದು ರೂಮು. ಒಳಗೆ ಯಾರೂ ಇರ್ನಿಲ್ಲ. ನಾನಿಲ್ದೆ ಇದ್ದಾಗ ಯಾರೋ ತೆಗ್ದು ಕರ್ಕಂಡೋಗವ್ರೆ, ಬದುಕ್ಕಂಡ್ರು ಅನ್ಕಂಡೆ. ಗಾಳಿ ಹೊಕ್ರೆ ಕಾಫಿ ಗೋಡೌನಿಗೂ ಹತ್ಕತದೆ ಅಂತ ಬಾಗ್ಲೆಳ್ದು ಚಿಲ್ಕ ಹಾಕಿ, ಆಳ್ಗಳ ಕರ್ಯಕ್ಕೆ ಓಡ್ದೆ. ಎಲ್ಲಾ ಆರುಸ್ದ ಮೇಲೆ ನೋಡುದ್ರೆ, ಒಳಗೊಂದು ಹೆಣ."

ಶೀಲಾಳ ಅಳು ನಿಂತಿತು.

ಮಾದೇವಮ್ಮ ಕಂಬ ಹಿಡಿದು ಮೇಲೆದ್ದಳು. ಮೆಟ್ಟಿಲಿಳಿದು ರುದ್ರಯ್ಯನ ಎದುರಿಗೆ ಹೋಗಿ, ಬಗ್ಗಿ, ಅವನ ಗಡ್ಡದ ಮುಖವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿದಳು.

"ನನ್ ಮಗ ಅದ್ರೊಳಗೆ ಇರ್ನಿಲ್ವಾ?"

"ಇರ್ನಿಲ್ಲ ಕಣ್ ತಾಯಿ."

"ಹಂಗಾರೆ," ಎಂದಳು ಮುದುಕಿ, "ನಾವು ಮಣ್ಣು ಮಾಡಿದ್ದು ಯಾರ್ನ?"